ಆರಡಿ ದಾಟಿದವರಿಗೂ ಪುಟ್ಟ ಎಂಜಿ: ಆರಾಮಾಗಿ ಕೂರುವುದು ಹೇಗೆ?

ಎಂಜಿಯಂಥ ಇಂಗ್ಲೆಂಡಿನ ಹಳೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳನ್ನು ದೂರದಿಂದ ನೋಡಿದರೆ ಎಂಥವರಿಗೂ ಆಸೆಯಾಗುತ್ತದೆ. ಆದರೆ ಆರಡಿ ಮೀರಿದವರು ಬಾಗಿಲು ತೆಗೆದು ಒಳಗೆ ಕೂತರೆ ತೊಡೆ ಸ್ಟೀರಿಂಗಿಗೆ ಸಿಕ್ಕಿಕೊಳ್ಳುತ್ತದೆ. ತಲೆ ಬಟ್ಟೆಯ ಟಾಪಿಗೆ ತಾಗುತ್ತದೆ. ಮುಂದಿನ ಗಾಜಿನ ಮೇಲಿನ ಪಟ್ಟಿ ಸರಿಯಾಗಿ ಕಣ್ಣಿಗೇ ಅಡ್ಡ ಬರುತ್ತದೆ. "ಇದು ನಮ್ಮಂಥವರಿಗಲ್ಲ ಬಿಡಿ" ಅಂತ ಎದ್ದು ಬರುವವರೇ ಜಾಸ್ತಿ.

ಅಷ್ಟು ಬೇಗ ಕೈಬಿಡಬೇಡಿ. ಇಕ್ಕಟ್ಟು ಅನ್ನಿಸುವುದರಲ್ಲಿ ಒಂದು ಪಾಲು ಮಾತ್ರ ಕಾರಿನ ಮೂಲ ಅಳತೆಯದು. ಉಳಿದದ್ದು ಆಮೇಲೆ ಸೇರಿಕೊಂಡದ್ದು: ಹೊಸದಾಗಿ ಹಾಕಿಸಿದ ದಪ್ಪ ಫೋಮ್, ಒಂದರ ಮೇಲೊಂದು ಹಾಸಿದ ಕಾರ್ಪೆಟ್, ತುಕ್ಕು ಹಿಡಿದು ಅರ್ಧಕ್ಕೇ ನಿಂತ ಸೀಟಿನ ರನ್ನರ್ (ಸೀಟು ಹಿಂದೆ ಮುಂದೆ ಜಾರುವ ಹಳಿ). ಇವನ್ನೆಲ್ಲ ಸರಿಪಡಿಸಲು ಕಾರನ್ನು ಕತ್ತರಿಸಬೇಕಿಲ್ಲ. ಬೇಡ ಅನ್ನಿಸಿದರೆ ಮತ್ತೆ ಮೊದಲಿನಂತೆ ಜೋಡಿಸಬಹುದು. ಇಲ್ಲಿ ಮುಖ್ಯವಾಗಿ 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾದ ಎಂಜಿಬಿ ಎಂಬ ಮಾಡೆಲನ್ನು ಇಟ್ಟುಕೊಂಡು ಹೇಳುತ್ತೇನೆ. ಎಂಜಿ ಮಿಜೆಟ್, ಟ್ರಯಂಫ್ ಸ್ಪಿಟ್‌ಫೈರ್ ಇದ್ದವರಿಗೂ ಹೆಚ್ಚಿನ ವಿಷಯ ಅನ್ವಯಿಸುತ್ತದೆ.

ಮೊದಲು ಅಳತೆ, ಆಮೇಲೆ ಸ್ಪ್ಯಾನರ್

ಆರಡಿ ಎರಡಿಂಚಿನ ಇಬ್ಬರನ್ನು ಅಕ್ಕಪಕ್ಕ ಕೂರಿಸಿ ನೋಡಿ. ಒಬ್ಬರ ತಲೆ ಇನ್ನೊಬ್ಬರಿಗಿಂತ ಮೇಲಿರುತ್ತದೆ. ಒಬ್ಬರದು ಉದ್ದ ಕಾಲು, ಇನ್ನೊಬ್ಬರದು ಉದ್ದ ಬೆನ್ನು. ಈ ಇಬ್ಬರ ತೊಂದರೆ ಬೇರೆ, ಪರಿಹಾರವೂ ಬೇರೆ. ಉದ್ದ ಕಾಲಿನವರಿಗೆ ಸೀಟು ಹಿಂದೆ ಹೋಗಬೇಕು. ಉದ್ದ ಬೆನ್ನಿನವರಿಗೆ ಸೀಟು ಕೆಳಗಿಳಿಯಬೇಕು. ಇದನ್ನು ತಿಳಿಯದೆ ದುಡ್ಡು ಸುರಿದು ಚಿಕ್ಕ ಸ್ಟೀರಿಂಗ್ ಹಾಕಿಸಿಕೊಂಡು, ತಲೆ ಮಾತ್ರ ಮೊದಲಿನಂತೆಯೇ ಟಾಪಿಗೆ ತಾಗುತ್ತಾ ಓಡಾಡುವವರಿದ್ದಾರೆ.

ಕಾರು ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ಕೂರಿ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಕ್ಲಚ್ಚನ್ನು ನೆಲದವರೆಗೆ ಒತ್ತಿ. ಆಗಲೂ ಮೊಣಕಾಲು ಸ್ವಲ್ಪ ಮಡಿಸಿಯೇ ಇರಬೇಕು. ಸ್ಟೀರಿಂಗಿನ ಕೆಳಗಿನ ಅಂಚು ಮತ್ತು ತೊಡೆಯ ನಡುವೆ ಅಂಗೈ ಅಡ್ಡಲಾಗಿ ತೂರುತ್ತದಾ ನೋಡಿ. ಬಲಗಾಲನ್ನು ಎಕ್ಸಲರೇಟರಿನಿಂದ ಬ್ರೇಕಿಗೆ ಥಟ್ಟನೆ ಎತ್ತಿಡಿ. ಮೊಣಕಾಲು ಎಲ್ಲಿಗಾದರೂ ಬಡಿಯಿತಾ? ಬ್ರೇಕ್ ಒತ್ತಿಕೊಂಡೇ ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ. ಬೆರಳ ಗಿಣ್ಣು ತೊಡೆಗೆ ಉಜ್ಜಿತಾ? ಕೊನೆಗೆ ಟಾಪ್ ಹಾಕಿ, ತಲೆಗೂ ಅದಕ್ಕೂ ಎಷ್ಟು ಜಾಗ ಇದೆ ಅಂತ ನೋಡಿ. ಯಾರಿಂದಲಾದರೂ ಪಕ್ಕದಿಂದ ಒಂದು ಫೋಟೊ ತೆಗೆಸಿಕೊಳ್ಳಿ. ಒಳಗೆ ಕೂತಾಗ ಗೊತ್ತಾಗದ ಎಷ್ಟೋ ಸಂಗತಿ ಫೋಟೊದಲ್ಲಿ ಎದ್ದು ಕಾಣುತ್ತದೆ.

ನಿಜವಾದ ಜಾಗ ಇರುವುದು ಸೀಟಿನ ಕೆಳಗೆ

ಎಲ್ಲಕ್ಕಿಂತ ಹೆಚ್ಚು ಲಾಭ ಸಿಗುವುದು ಇಲ್ಲೇ. ಖರ್ಚೂ ಕಡಿಮೆ. ಹಾಗಾಗಿ ಈ ಕೆಲಸಕ್ಕೆ ಸಮಯ ಕೊಡಿ.

ಎಂಜಿಬಿಯ ಸೀಟು ನೇರವಾಗಿ ನೆಲದ ಮೇಲೆ ಕೂತಿಲ್ಲ. ರನ್ನರ್‌ಗಳ ಕೆಳಗೆ ಮರದ ಪಟ್ಟಿಗಳಿರುತ್ತವೆ. ಬೋಲ್ಟ್‌ಗಳು ರನ್ನರ್, ಮರ, ಕಾರ್ಪೆಟ್ ಎಲ್ಲವನ್ನೂ ದಾಟಿ ನೆಲದ ತಗಡಿಗೆ ಬೆಸೆದ ನಟ್‌ಗಳಲ್ಲಿ ಕೂರುತ್ತವೆ. ಸೀಟು ಹಿಂದಕ್ಕೆ ತಳ್ಳಿದರೆ ಮುಂದಿನ ಬೋಲ್ಟ್ ಕಾಣುತ್ತದೆ, ಮುಂದಕ್ಕೆ ಎಳೆದರೆ ಹಿಂದಿನದು. ಅರ್ಧ ಇಂಚಿನ ಸ್ಪ್ಯಾನರ್ ಸಾಕು. ಆದರೆ ಆತುರ ಬೇಡ. ಆ ನಟ್‌ಗಳು ದಶಕಗಳಿಂದ ರಸ್ತೆಯ ನೀರು, ಉಪ್ಪು ತಿಂದಿರುತ್ತವೆ. ಹಿಂದಿನ ದಿನವೇ ಕಾರಿನ ಕೆಳಗಿನಿಂದ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ. ಬಲವಂತವಾಗಿ ತಿರುಗಿಸಿದರೆ ನಟ್ಟೇ ತಗಡಿನಿಂದ ಕಿತ್ತು ಸುಮ್ನೆ ಸುತ್ತತೊಡಗುತ್ತದೆ. ಆಮೇಲೆ ವೆಲ್ಡಿಂಗ್ ಕೆಲಸ.

ಸೀಟು ಹೊರಗೆ ಬಂದ ಮೇಲೆ ಮೊದಲು ರನ್ನರ್‌ಗಳನ್ನು ಬ್ರಷ್‌ನಿಂದ ಉಜ್ಜಿ, ಗ್ರೀಸ್ ಹಚ್ಚಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಸಲೀಸಾಗಿ ಜಾರುತ್ತದಾ ನೋಡಿ. ಹಿಂದೆ ಕಾರ್ಪೆಟ್ಟಿನ ಅಡಿ ಹಾಕಿದ ದಪ್ಪ ಫೆಲ್ಟ್ ಸೀಟನ್ನು ತಡೆಯುತ್ತಿದ್ದರೆ ಆ ಭಾಗದಲ್ಲಿ ಕತ್ತರಿಸಿ ತೆಗೆಯಿರಿ. ಇಷ್ಟರಿಂದಲೇ ಕೆಲವರ ಸಮಸ್ಯೆ ಮುಗಿದುಹೋಗುತ್ತದೆ.

ಇನ್ನು ಮರದ ಪಟ್ಟಿ. ಅದನ್ನು ತೆಗೆದರೆ ಅದರ ದಪ್ಪದಷ್ಟು ಸೀಟು ಕೆಳಗಿಳಿಯುತ್ತದೆ. ಆದರೆ ರನ್ನರನ್ನು ಮೆತ್ತನೆಯ ಕಾರ್ಪೆಟ್ಟಿನ ಮೇಲೆ ಬಿಗಿದರೆ ಅದು ಬಾಗಿ, ಸೀಟು ಜಾರದಂತೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಬೋಲ್ಟ್ ಹೋಗುವ ಜಾಗದಲ್ಲಿ ಕಾರ್ಪೆಟ್ ಕತ್ತರಿಸಿ, ದಪ್ಪ ಕಬ್ಬಿಣದ ವಾಷರ್ ಇಟ್ಟು, ಲೋಹದ ಮೇಲೆ ಲೋಹ ಕೂರುವಂತೆ ಮಾಡಿ. ಬೋಲ್ಟ್ ಈಗ ಉದ್ದವಾಗುತ್ತದೆ, ಕಾರಿನ ಕೆಳಗೆ ಚಾಚಿಕೊಳ್ಳುತ್ತದೆ. ಅದೇ ಗಟ್ಟಿತನದ ಗಿಡ್ಡ ಬೋಲ್ಟ್ ತಂದು ಹಾಕಿ. ಸಿಕ್ಕ ಬೋಲ್ಟ್ ಹಾಕುವ ಜಾಗವಲ್ಲ ಇದು. ಅಪಘಾತದಲ್ಲಿ ನಿಮ್ಮನ್ನು ಹಿಡಿದಿಡುವುದು ಈ ನಾಲ್ಕು ಬೋಲ್ಟ್‌ಗಳೇ.

ನನಗೆ ಹಿಡಿಸಿದ ಉಪಾಯ ಇನ್ನೊಂದಿದೆ. ಹಿಂದಿನ ಬೋಲ್ಟ್‌ಗಳ ಬಳಿ ಮಾತ್ರ ಎತ್ತರ ಇಳಿಸಿ, ಮುಂದೆ ಹಾಗೇ ಬಿಡುವುದು. ಸೀಟು ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಸೊಂಟ ಕೆಳಗಿಳಿಯುತ್ತದೆ, ತಲೆಗೆ ಜಾಗ ಸಿಗುತ್ತದೆ, ಉದ್ದ ತೊಡೆಗೆ ಆಸರೆಯೂ ಸಿಗುತ್ತದೆ. ದೂರದ ಪ್ರಯಾಣದಲ್ಲಿ ಉದ್ದ ಕಾಲಿನವರಿಗೆ ಸುಸ್ತಾಗುವುದು ತೊಡೆಯ ಕೆಳಗೆ ಆಸರೆ ಇಲ್ಲದೆಯೇ. ಎಡಬಲ ಎರಡೂ ಕಡೆ ಒಂದೇ ಅಳತೆ ಇರಲಿ, ಇಲ್ಲದಿದ್ದರೆ ರನ್ನರ್ ತಿರುಚಿಕೊಳ್ಳುತ್ತದೆ.

ಫೋಮ್ ವಿಷಯ ತುಂಬ ಜನಕ್ಕೆ ಹೊಳೆಯುವುದೇ ಇಲ್ಲ. ಕಾರನ್ನು ಚೆಂದ ಮಾಡಿಸುವಾಗ ಸೀಟಿಗೂ ಹೊಸ ಫೋಮ್ ಹಾಕಿಸುತ್ತಾರೆ. ಹೊಸ ಫೋಮ್ ಗಟ್ಟಿ, ಅದುಮಿದರೂ ಕುಗ್ಗುವುದಿಲ್ಲ. ಮೊದಲು ಸರಿಯಾಗಿ ಕೂರುತ್ತಿದ್ದವರು ದಿಢೀರನೆ ಎತ್ತರದಲ್ಲಿ ಕೂತಂತಾಗುತ್ತದೆ. ಹೊದಿಕೆ ಬಿಚ್ಚಿ ಫೋಮನ್ನು ಕೆಳಭಾಗದಿಂದ ಒಂದು ಇಂಚು ಕೊಯ್ಯಿರಿ. ಮೇಲಿನಿಂದ ಕೊಯ್ದರೆ ಕೂರುವ ಜಾಗದ ಆಕಾರವೇ ಕೆಡುತ್ತದೆ. ಉದ್ದನೆಯ ಹರಿತವಾದ ಚಾಕು ಸಾಕು. ಕೈ ನಡುಗುವವರು ಕುಶನ್ ಕೆಲಸದವರಿಗೆ ಕೊಡಿ, ಆದರೆ ಕೂತು ಅಳತೆ ನೋಡಿಯೇ ಹೊಲಿಸಿ. ಬೆನ್ನಿನ ಫೋಮ್ ತೆಳು ಮಾಡಿದರೂ ಕಾಲಿಗೆ ಅಷ್ಟೇ ಜಾಗ ಸಿಗುತ್ತದೆ. ಮಿಜೆಟ್‌ನಲ್ಲಿ ಇದು ತುಂಬ ಉಪಯೋಗ, ಯಾಕಂದರೆ ಅಲ್ಲಿ ಸೀಟಿನ ಬೆನ್ನ ಹಿಂದೆಯೇ ಹಿಂದಿನ ಆಕ್ಸಲ್‌ಗಾಗಿ ಎತ್ತರಿಸಿದ ತಗಡು ಅಡ್ಡ ನಿಂತಿದೆ. ರನ್ನರ್ ಎಷ್ಟು ಉದ್ದ ಮಾಡಿದರೂ ಅದರಾಚೆ ಸೀಟು ಹೋಗುವುದಿಲ್ಲ.

ಮಾಜ್ದಾ ಎಂಎಕ್ಸ್-5 ಕಾರಿನ ಹಳೆಯ ಸೀಟುಗಳನ್ನು ಹಾಕಿಕೊಳ್ಳುವವರೂ ಇದ್ದಾರೆ. ತಲೆಗೆ ಆಸರೆ ಸಿಗುತ್ತದೆ, ನಿಜ. ಆದರೆ ಅವು ಅಗಲ. ಕೊಳ್ಳುವ ಮೊದಲು ಸೀಟಿನ ಅಗಲ, ಎತ್ತರ ಎರಡನ್ನೂ ಟೇಪು ಹಿಡಿದು ನೋಡಿ.

ಸ್ಟೀರಿಂಗ್: ಒಂದೂಕಾಲು ಇಂಚಿನ ಲೆಕ್ಕ

ಮೊದಮೊದಲ ಎಂಜಿಬಿಗಳ ಸ್ಟೀರಿಂಗಿನ ಅಡ್ಡಳತೆ ಹದಿನಾರೂವರೆ ಇಂಚು. ಪವರ್ ಸ್ಟೀರಿಂಗ್ ಇಲ್ಲದ ಕಾಲ, ದೊಡ್ಡ ಚಕ್ರ ಇದ್ದರೆ ತಿರುಗಿಸಲು ಸುಲಭ. ಅದರ ಬದಲು 14 ಇಂಚಿನದು ಹಾಕಿದರೆ ಕೆಳಗಿನ ಅಂಚು ಒಂದೂಕಾಲು ಇಂಚು ಮೇಲೆ ಹೋಗುತ್ತದೆ. ತೊಡೆಗೆ ಅಷ್ಟು ಸಿಕ್ಕರೆ ದೊಡ್ಡ ಮಾತೇ. ಆದರೆ ನಿಂತಲ್ಲೇ ತಿರುಗಿಸುವಾಗ ಚಕ್ರ ಭಾರ ಅನ್ನಿಸುತ್ತದೆ. 13 ಇಂಚಿಗೆ ಇಳಿದರೆ ಇನ್ನೂ ಭಾರ. ನನ್ನ ಮಟ್ಟಿಗೆ 14 ಸರಿಯಾದ ಅಳತೆ. ಸ್ಟೀರಿಂಗಿನ ಅಂಚು ಡ್ಯಾಶ್‌ಬೋರ್ಡಿನ ಮೀಟರುಗಳನ್ನು ಮುಚ್ಚುತ್ತದಾ ಅಂತಲೂ ನೋಡಿಕೊಳ್ಳಿ.

ಇಲ್ಲಿ ಇನ್ನೊಂದು ಆಯ್ಕೆ ಇದೆ. ಚಕ್ರ ಚಪ್ಪಟೆಯದಾ, ನಡುವೆ ತಗ್ಗಿದ್ದು ಅಂಚು ನಮ್ಮ ಕಡೆಗೆ ಬಂದಿರುವುದಾ? ಕಾಲು ಉದ್ದ ಅಂತ ಸೀಟನ್ನು ಹಿಂದಕ್ಕೆ ತಳ್ಳಿದವರಿಗೆ ಕೈ ಎಟುಕುವುದು ಕಷ್ಟವಾಗುತ್ತದೆ. ಅವರಿಗೆ ಅಂಚು ಹತ್ತಿರ ಬರುವ ತಗ್ಗಿನ ಚಕ್ರ ಒಳ್ಳೆಯದು. ಬೆನ್ನು ಉದ್ದ, ಕಾಲು ಸಾಧಾರಣ ಇರುವವರಿಗೆ ಚಪ್ಪಟೆಯದೇ ಸಾಕು.

ಸ್ಪಿಟ್‌ಫೈರ್ ಇದ್ದವರು ಈ ವಿಷಯದಲ್ಲಿ ಅದೃಷ್ಟವಂತರು. ಅದರ ಸ್ಟೀರಿಂಗ್ ಕಾಲಮ್ಮನ್ನು, ಅಂದರೆ ಚಕ್ರ ಕೂತಿರುವ ಕಂಬಿಯನ್ನು, ಒಂದು ಕ್ಲಾಂಪ್ ಸಡಿಲಿಸಿ ಹಿಂದೆ ಮುಂದೆ ಸರಿಸಬಹುದು. ಅದು ಟ್ರಯಂಫ್ ಹೆರಾಲ್ಡ್‌ನಿಂದ ಬಂದ ಗುಣ. ಸ್ಪಿಟ್‌ಫೈರ್‌ನ ಚಾಸಿಯೂ (ಕಾರಿನ ತಳದ ಚೌಕಟ್ಟು) ಹೆರಾಲ್ಡ್‌ನದನ್ನೇ ಗಿಡ್ಡ ಮಾಡಿದ್ದು. ಮದ್ರಾಸಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲೂ ಓಡಾಡಿದ ಸ್ಟ್ಯಾಂಡರ್ಡ್ ಹೆರಾಲ್ಡನ್ನು ನೋಡಿದವರಿಗೆ ಈ ಮನೆತನ ಹೊಸದಲ್ಲ. ಸರಿಸಿದ ಮೇಲೆ ಕ್ಲಾಂಪ್ ಬಿಗಿದು, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಬಲವಾಗಿ ಎಳೆದು, ತಳ್ಳಿ ನೋಡಿ. ಕೂದಲೆಳೆಯಷ್ಟೂ ಕದಲಬಾರದು.

ಎಂಜಿಬಿಯಲ್ಲಿ ಕಾಲಮ್ಮಿನ ಬ್ರಾಕೆಟ್ಟಿಗೆ ಕೈ ಹಾಕುವ ಮೊದಲು ಯೋಚಿಸಿ. ಕಾಲಮ್ ಮತ್ತು ಮುಂದಿನ ಗಾಲಿಗಳನ್ನು ತಿರುಗಿಸುವ ಸ್ಟೀರಿಂಗ್ ರ‍್ಯಾಕ್ ಕೂಡುವ ಕಡೆ ಒಂದು ಜಾಯಿಂಟ್ ಇದೆ. ಅವೆರಡೂ ಸರಿಯಾದ ನೇರದಲ್ಲಿ ಇಲ್ಲದಿದ್ದರೆ ಜಾಯಿಂಟ್ ಬೇಗ ಸವೆಯುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಇದು ಬಲ್ಲ ಮೆಕ್ಯಾನಿಕ್ ಮಾಡಬೇಕಾದ ಕೆಲಸ.

ಪೆಡಲುಗಳ ಬಳಿ

ಈ ಕಾರುಗಳಲ್ಲಿ ಕಾಲಿಡುವ ಜಾಗ ಕಿರಿದು. ಒಂದು ಪಕ್ಕ ಗೇರ್‌ಬಾಕ್ಸಿನ ಉಬ್ಬು, ಇನ್ನೊಂದು ಪಕ್ಕ ಕಾರಿನ ಗೋಡೆ. ಎತ್ತರದವರ ಪಾದವೂ ದೊಡ್ಡದು ಅಲ್ವಾ. ಅಗಲ ತಳದ ಸ್ಪೋರ್ಟ್ಸ್ ಶೂ ಹಾಕಿದರೆ ಬ್ರೇಕ್ ಒತ್ತುವಾಗ ಎಕ್ಸಲರೇಟರೂ ಒತ್ತಿಹೋಗುತ್ತದೆ. ತೆಳು ತಳದ, ಕಿರಿದಾದ ಶೂ ಒಂದು ಜೊತೆ ಕಾರಿನಲ್ಲೇ ಇಡಿ. ಎಲ್ಲಕ್ಕಿಂತ ಅಗ್ಗದ ಪರಿಹಾರ ಇದು.

ಮಂಡಿ ಜಾಸ್ತಿ ಮಡಚುತ್ತಿದ್ದರೆ ಎಕ್ಸಲರೇಟರಿನ ತೋಳನ್ನು ಸ್ವಲ್ಪ ಬಗ್ಗಿಸಿ ಪೆಡಲನ್ನು ಮುಂದಕ್ಕೆ ತಳ್ಳಬಹುದು. ಆಮೇಲೆ ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಬಾನೆಟ್ ತೆಗೆದು ಕಾರ್ಬ್ಯುರೇಟರ್ ಪೂರ್ತಿ ತೆರೆಯುತ್ತದಾ, ಬಿಟ್ಟ ಕೂಡಲೇ ಮುಚ್ಚುತ್ತದಾ ನೋಡಲಿ. ಪೆಡಲ್ ಕಾರ್ಪೆಟ್ಟಿಗೆ ಸಿಕ್ಕಿಕೊಳ್ಳಬಾರದು. ಬ್ರೇಕ್ ಮತ್ತು ಕ್ಲಚ್ ಪೆಡಲುಗಳನ್ನು ಮಾತ್ರ ಬಗ್ಗಿಸಲೇಬೇಡಿ. ಹಳೆಯ ಮಾಡೆಲ್‌ಗಳಲ್ಲಿ ಹೆಡ್‌ಲೈಟ್ ಡಿಪ್ ಮಾಡುವ ಸ್ವಿಚ್ ನೆಲದ ಮೇಲೆ, ಎಡಗಾಲಿನ ಬಳಿ ಇರುತ್ತದೆ. ಅದೂ ಕಾಲಿಗೆ ಸುಲಭವಾಗಿ ಸಿಗಬೇಕು.

ತಲೆ, ಕಣ್ಣು, ಗಾಜು

ಸೀಟು ಇಳಿಸಿದ ಮೇಲೂ ಗಾಜಿನ ಮೇಲಿನ ಪಟ್ಟಿ ಕಣ್ಣಿಗೆ ಅಡ್ಡ ಬಂದರೆ ಸೀಟಿನ ಬೆನ್ನನ್ನು ಒಂದೆರಡು ಹಲ್ಲು ಹಿಂದಕ್ಕೆ ವಾಲಿಸಿ. ಹಳೆಯ ಎಂಜಿಬಿಗಳಲ್ಲಿ ಒಳಗಿನ ಕನ್ನಡಿ, ಗಾಜಿನ ನಡುವಿನ ಉದ್ದ ಕಂಬಿಯ ಮೇಲೆ ಕೂತಿರುತ್ತದೆ. ಅದನ್ನು ಮೇಲೆ ಕೆಳಗೆ ಜಾರಿಸಬಹುದು ಅನ್ನುವುದೇ ಕೆಲವರಿಗೆ ಗೊತ್ತಿಲ್ಲ. ಎತ್ತರದವರಿಗೆ ಸರಿಯಾಗಿ ಕಣ್ಣಿನ ಮಟ್ಟದಲ್ಲಿ ಕನ್ನಡಿ ಬಂದು, ಎಡಗಡೆಯಿಂದ ಬರುವ ವಾಹನವನ್ನೇ ಮರೆಮಾಡುತ್ತದೆ. ಸ್ಕ್ರೂ ಸಡಿಲಿಸಿ ಜಾಗ ಬದಲಿಸಿ. ಸಿಗ್ನಲ್ಲಿನಲ್ಲಿ ಗೆರೆಗಿಂತ ಸ್ವಲ್ಪ ಹಿಂದೆಯೇ ನಿಲ್ಲಿಸುವ ಅಭ್ಯಾಸ ಮಾಡಿಕೊಳ್ಳಿ, ದೀಪ ಕಾಣುತ್ತದೆ.

ಇನ್ನೂ ಕಾರು ಕೊಂಡಿಲ್ಲವಾ? ಹಾಗಾದರೆ 1965ರಲ್ಲಿ ಬಂದ ಎಂಜಿಬಿ ಜಿಟಿಯಲ್ಲಿ ಒಮ್ಮೆ ಕೂತು ನೋಡಿ. ಅದಕ್ಕೆ ಗಟ್ಟಿ ಛಾವಣಿ, ಮುಂದಿನ ಗಾಜೂ ಹೆಚ್ಚು ಎತ್ತರ. ಉದ್ದ ಬೆನ್ನಿನವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನೆಲ ಕತ್ತರಿಸಬಹುದಾ?

ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರ ಬಳಿ ಒಳ್ಳೆಯ ಉದಾಹರಣೆಯೂ ಇರುತ್ತದೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್‌ಗೆ ಮೊದಲು ಸಮತಟ್ಟಾದ ನೆಲ ಇತ್ತು. ಎತ್ತರದವರಿಗೆ ಕಾಲಿಡಲು ಕಷ್ಟ ಅಂತಾಗಿ 1962ರಲ್ಲಿ ಕಂಪನಿಯೇ ಕಾಲಿಡುವ ಜಾಗವನ್ನು ತಗ್ಗು ಮಾಡಿತು. ಅದಕ್ಕೂ ಮೊದಲು ಅದೇ ಕಂಪನಿ 1954ರ ಎಕ್ಸ್‌ಕೆ140ರಲ್ಲಿ ಎಂಜಿನ್ನನ್ನೇ ಮೂರು ಇಂಚು ಮುಂದಕ್ಕೆ ತಳ್ಳಿ ಒಳಗೆ ಜಾಗ ಹೆಚ್ಚಿಸಿತ್ತು. ಆದರೆ ಅದು ಕಾರ್ಖಾನೆ, ಲೆಕ್ಕ ಹಾಕಿ ಮಾಡಿದ ಬದಲಾವಣೆ. ಎಂಜಿಬಿ, ಮಿಜೆಟ್‌ಗಳಿಗೆ ಬೇರೆ ಚಾಸಿ ಇಲ್ಲ. ನೆಲ, ಪಕ್ಕದ ಪೆಟ್ಟಿಗೆಯಂಥ ತಗಡು, ಸೀಟಿನ ಕೆಳಗಿನ ಅಡ್ಡ ಬೀಮ್ ಇವೇ ಸೇರಿ ಕಾರನ್ನು ಹಿಡಿದಿವೆ. ಮೇಲೆ ಛಾವಣಿಯೂ ಇಲ್ಲದ ಕಾರಿನಲ್ಲಿ ಅವನ್ನು ಕತ್ತರಿಸಿದರೆ ಕಾರು ನಡುವೆ ಜೋತುಬಿದ್ದು ಬಾಗಿಲು ಹಾಕಲು ಬಾರದಂತಾಗುತ್ತದೆ. ಬೇಡವೇ ಬೇಡ.

ಕೊನೆಯ ಪರೀಕ್ಷೆ

ಸೀಟಿನ ಜಾಗ ಬದಲಾದರೆ ಬೆಲ್ಟಿನ ದಾರಿಯೂ ಬದಲಾಗುತ್ತದೆ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರದೆ ಸೊಂಟದ ಮೂಳೆಯ ಮೇಲೆ ಕೂರಬೇಕು. ಮೇಲಿನದು ಭುಜದ ನಡುವೆ ಹಾಯಬೇಕು. ಬೆಲ್ಟ್ ಹೊರಡುವ ಜಾಗ ನಿಮ್ಮ ಭುಜಕ್ಕಿಂತ ತುಂಬ ಕೆಳಗಿದ್ದರೆ ಅಪಘಾತದಲ್ಲಿ ಬೆನ್ನುಮೂಳೆಯನ್ನೇ ಕೆಳಕ್ಕೆ ಜಗ್ಗುತ್ತದೆ, ಅದನ್ನು ತಿಳಿದವರಿಗೆ ತೋರಿಸಿ. ತಲೆಗೆ ಆಸರೆ ಇಲ್ಲದ ಗಿಡ್ಡ ಬೆನ್ನಿನ ಸೀಟು ಎತ್ತರದವರ ಕುತ್ತಿಗೆಗೆ ಅಪಾಯ. ಹೆಡ್‌ರೆಸ್ಟ್ ಇರುವ ಸೀಟಿಗೆ ಬದಲಾಯಿಸುವುದಾದರೆ ಅದಕ್ಕೆ ಖರ್ಚು ಮಾಡಿ, ಹಿಂಜರಿಯಬೇಡಿ.

ಖಾಲಿ ರಸ್ತೆಯಲ್ಲಿ ಒಂದು ಗಂಟೆ ಓಡಿಸಿ. ಹತ್ತು ನಿಮಿಷದಲ್ಲಿ ಎಲ್ಲವೂ ಆರಾಮೇ ಅನ್ನಿಸುತ್ತದೆ, ನೋವು ಹೇಳಿಕೊಳ್ಳುವುದು ಆಮೇಲೆ. ಸೊಂಟ ನೋಯುತ್ತಿದ್ದರೆ ಬೆನ್ನಿನ ವಾಲು ಬದಲಿಸಿ. ತೊಡೆ ಜೋಮು ಹಿಡಿದರೆ ಸೀಟಿನ ಮುಂಭಾಗದ ಎತ್ತರ ನೋಡಿ. ಒಮ್ಮೆಗೆ ಒಂದನ್ನೇ ಬದಲಿಸಿ, ಮತ್ತೆ ಓಡಿಸಿ. ಮನೆಗೆ ಬಂದ ಮೇಲೆ ಸೀಟಿನ ನಾಲ್ಕೂ ಬೋಲ್ಟ್, ಸ್ಟೀರಿಂಗಿನ ನಟ್ ಇನ್ನೊಮ್ಮೆ ಬಿಗಿ ಇವೆಯಾ ಅಂತ ನೋಡಿ. ಬಿಚ್ಚಿದ ಮರದ ಪಟ್ಟಿ, ಹಳೆಯ ಸ್ಟೀರಿಂಗ್, ಉದ್ದ ಬೋಲ್ಟ್‌ಗಳನ್ನು ಒಂದು ಡಬ್ಬದಲ್ಲಿ ಹಾಕಿ ಹೆಸರು ಬರೆದಿಡಿ. ಮುಂದೆ ಕಾರು ಕೊಳ್ಳುವವರು ಐದಡಿಯವರೂ ಇರಬಹುದು.