ಕಾರವಾರ ಕೊಲ್ಲಿಯ ಚರಿತ್ರೆಯನ್ನು ನಿಂತ ನೆಲದಲ್ಲೇ ಓದುವುದು ಹೇಗೆ

ಮೊದಲು ಕಾಳಿ ನದಿಯ ಉತ್ತರ ದಡದ ಸದಾಶಿವಗಡ ಗುಡ್ಡ ಹತ್ತಿ. ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ನಂತರ ಪಶ್ಚಿಮದ ಬಿಸಿಲು ಕಣ್ಣಿಗೆ ಹೊಡೆದು ದ್ವೀಪಗಳು ಬರೀ ಕಪ್ಪಾಗಿ ಕಾಣುತ್ತವೆ. ಮಳೆಗಾಲದಲ್ಲಂತೂ ಏನೂ ಕಾಣದು.

ದಕ್ಷಿಣಕ್ಕೆ ತಿರುಗಿ ಬೈತಖೋಲ ಗುಡ್ಡ ಗುರುತಿಸಿಕೊಳ್ಳಿ. ನೈಋತ್ಯದ ಗಾಳಿ, ಅಲೆಗಳನ್ನು ಅದು ತಡೆಯುವುದರಿಂದಲೇ ಅದರ ಮಗ್ಗುಲಲ್ಲಿ ಬಂದರು ನಿಂತಿದೆ. ಕಾಳುಮೆಣಸಿಗಾಗಿ 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ (ವ್ಯಾಪಾರ ಕೇಂದ್ರ) ತೆರೆದದ್ದಕ್ಕೆ ಈ ಆಸರೆ, ಒಳನಾಡಿನಿಂದ ಬರುವ ನದಿ ಎರಡೂ ಕಾರಣ.

ಇಲ್ಲಿ ಹೆಚ್ಚಿನವರು ಎಡವುವುದು ದ್ವೀಪಗಳಲ್ಲಿ. ಎದುರಿಗೆ ಕಾಣುವ ಕೂರ್ಮಗಡವನ್ನೇ ಅಂಜುದೀವ್ ಎಂದು ತೋರಿಸುತ್ತಾರೆ. ಅಂಜುದೀವ್ ಇರುವುದು ದಕ್ಷಿಣದಲ್ಲಿ, ಬೈತಖೋಲ ಗುಡ್ಡದಾಚೆ ಬಿಣಗಾ ಕಡೆ. 1505ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದ್ದು, 1961ರ ಡಿಸೆಂಬರ್‌ನಲ್ಲಿ ಅದನ್ನು ಅವರಿಂದ ಬಿಡಿಸಿಕೊಳ್ಳಲು ಭಾರತದ ಯುದ್ಧನೌಕೆ ಐಎನ್‌ಎಸ್ ತ್ರಿಶೂಲ್‌ನಿಂದ ಇಳಿದ ತುಕಡಿಯ 7 ನಾವಿಕರು ಪ್ರಾಣ ಕೊಟ್ಟಿದ್ದು ಅಲ್ಲೇ. ಈಗ ಅದು ನೌಕಾನೆಲೆಯ ವ್ಯಾಪ್ತಿಯಲ್ಲಿದೆ. ದೋಣಿಯವರು ಒಪ್ಪಿದರೂ ಹೋಗಬೇಡಿ, ನೆಲೆಯತ್ತ ಕ್ಯಾಮೆರಾ ತಿರುಗಿಸಬೇಡಿ.

ಕೊನೆಗೆ ಕಡಲತೀರದ ಐಎನ್‌ಎಸ್ ಚಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯ. ಡೆಕ್‌ನ ಮೇಲೆ ಎರಡೂ ಪಕ್ಕದಲ್ಲಿ ಎರಡೆರಡರಂತೆ ಇರುವ 4 ಕ್ಷಿಪಣಿ ಪೆಟ್ಟಿಗೆಗಳನ್ನು ನೋಡಿ: ಇಷ್ಟು ಚಿಕ್ಕ ದೋಣಿಗೆ ದೊಡ್ಡ ಹಡಗನ್ನು ಮುಳುಗಿಸುವ ಶಕ್ತಿ ಬಂದಿದ್ದು ಅವುಗಳಿಂದ. ಇದು 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಕರಾಚಿ ಬಂದರಿನ ಮೇಲೆ ದಾಳಿಗೆ ಹೋಗಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ. ಕರಾಚಿಗೆ ನುಗ್ಗಿದ್ದು ಇದೇ ಮಾದರಿಯ ಹಿಂದಿನ ದೋಣಿಗಳು.