ಹಿಂದಿನ ಚಕ್ರದ ಗಾಡಿ, ಮಳೆಗಾಲದ ಘಾಟಿ, ಇಎಸ್‌ಸಿ ಬಟನ್

ಮೀಟರ್ ಬೋರ್ಡಿನಲ್ಲಿ ಜಾರುವ ಕಾರಿನ ಹಳದಿ ಚಿತ್ರ ಮಿಣುಕಿದರೆ ಇಎಸ್‌ಸಿ, ಅಂದರೆ ಗಾಡಿ ಜಾರದಂತೆ ಕಾಯುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಕೆಲಸ ಮಾಡುತ್ತಿದೆ. ಮಿಣುಕದೆ ಒಂದೇ ಸಮ ಉರಿಯುತ್ತಿದ್ದರೆ ಆಫ್ ಆಗಿದೆ, ಇಲ್ಲವೇ ಕೆಟ್ಟಿದೆ. ಟೊಯೋಟಾದವರು ಇದನ್ನೇ ವಿಎಸ್‌ಸಿ ಅನ್ನುತ್ತಾರೆ, ಬಿಎಂಡಬ್ಲ್ಯೂನವರು ಡಿಎಸ್‌ಸಿ, ಬಾಷ್‌ನವರು ಇಎಸ್‌ಪಿ. ಒಳಗಿನ ಕೆಲಸ ಒಂದೇ. 1995ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್ ಕೂಪೆಯಲ್ಲಿ ಬಂದದ್ದು ಈಗ ತೀರ್ಥಹಳ್ಳಿ ಪೇಟೆಯಲ್ಲಿ ಕಾಣುವ ಇನ್ನೋವಾ ಕ್ರಿಸ್ಟಾ, ಸ್ಕಾರ್ಪಿಯೋ-ಎನ್, ಹಿಂದಿನ ಚಕ್ರದ (ಎಂಜಿನ್ ಹಿಂದಿನ ಎರಡು ಚಕ್ರಗಳನ್ನು ಮಾತ್ರ ತಿರುಗಿಸುವ) ಥಾರ್‌ಗಳಿಗೂ ಬಂದಿದೆ. ಹಳೆಯ ಬೊಲೆರೊ, ಓಮ್ನಿಗಳಲ್ಲಿ ಇದು ಇಲ್ಲ. ಅಂಥವನ್ನು ಓಡಿಸಿ ಕೈ ಪಳಗಿದವರದೇ ತಕರಾರು ಹೆಚ್ಚು: "ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೂ ಗಾಡಿ ಎಳೆಯಲ್ಲ ಮಾರಾಯ್ರೆ." ತಕರಾರು ಸುಳ್ಳಲ್ಲ. ಆದರೆ ಏರಿನಲ್ಲಿ ಕಾಡುವ ಅದೇ ಯಂತ್ರ ಇಳಿಜಾರಿನಲ್ಲಿ ಗಾಡಿ ತಿರುಗಿ ಧರೆಗೆ ಬಡಿಯದ ಹಾಗೆ ನೋಡಿಕೊಳ್ಳುತ್ತದೆ. ಹಾಗಾಗಿ ಇದನ್ನು ಆಫ್ ಮಾಡುವ ಬಟನ್ ಎಲ್ಲಿ ಒತ್ತಬೇಕು, ಎಲ್ಲಿ ಮುಟ್ಟಬಾರದು ಎಂದು ತಿಳಿದಿರಬೇಕು.

ನಾಲ್ಕು ಚಕ್ರಕ್ಕೆ ಒಂದೊಂದು ವೇಗದ ಸೆನ್ಸರ್ ಇದೆ. ಸ್ಟೇರಿಂಗ್ ಎಷ್ಟು ತಿರುಗಿದೆ ಎಂದು ಹೇಳಲು ಒಂದು, ಗಾಡಿ ನಿಜವಾಗಿ ಎಷ್ಟು ಹೊರಳುತ್ತಿದೆ ಎಂದು ಹೇಳಲು ಇನ್ನೊಂದು. ಚಾಲಕ ಕೇಳಿದ್ದಕ್ಕೂ ಗಾಡಿ ಮಾಡುತ್ತಿರುವುದಕ್ಕೂ ತಾಳೆಯಾಗದಿದ್ದರೆ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಬೀಳುತ್ತದೆ, ಎಂಜಿನ್ನಿನ ಜೋರೂ ಇಳಿಯುತ್ತದೆ. ಎಡ ತಿರುವಿನಲ್ಲಿ ಹಿಂಭಾಗ ಬಲಕ್ಕೆ ಎಳೆದುಕೊಂಡು ಹೋಯಿತು ಅನ್ನಿ. ಬ್ರೇಕ್ ಬೀಳುವುದು ಬಲ ಮುಂದಿನ ಚಕ್ರಕ್ಕೆ. ಮೂತಿ ಅತ್ತ ಸೆಳೆದು ಸುತ್ತುವುದು ನಿಲ್ಲುತ್ತದೆ. ಹಿಂಭಾಗ ಜಾರದೆ ಮೂತಿಯೇ ನೇರ ಹೋಗುತ್ತಿದ್ದರೆ ಒಳಬದಿಯ ಹಿಂದಿನ ಚಕ್ರಕ್ಕೆ. ಪಾದದಡಿ ಗರಗರ ಸದ್ದು ಬರುತ್ತದೆ, ಬ್ರೇಕ್ ಮೇಲೆ ಕಾಲಿದ್ದರೆ ಪೆಡಲ್ ನಡುಗುತ್ತದೆ. ಹೆದರಿ ಕಾಲು ತೆಗೆಯಬಾರದು.

ಇದು ರಸ್ತೆಗೆ ಹಿಡಿತ ಕೊಡುವುದಿಲ್ಲ, ಇರುವ ಹಿಡಿತವನ್ನು ಹಂಚುತ್ತದೆ ಅಷ್ಟೇ. ಟೈರ್ ಸವೆದಿದ್ದರೆ ಹಂಚಲು ಏನೂ ಉಳಿದಿರುವುದಿಲ್ಲ. ಟೈರಿನ ಗೀರಿನ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್, ಮಳೆಗಾಲಕ್ಕೆ 3ಕ್ಕಿಂತ ಕಡಿಮೆ ಬಂದ ಟೈರ್ ಹಿಂದೆ ಇರಕೂಡದು. ಎರಡೇ ಹೊಸ ಟೈರ್ ಕೊಂಡರೆ ಅವು ಹಿಂದಕ್ಕೆ. ಹಿಂದಿನ ಅಚ್ಚಿನಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರಂತೂ ಕಂಪ್ಯೂಟರಿಗೆ ಸುಳ್ಳು ಹೇಳಿದಂತೆ. 205/65 ಆರ್16 ಟೈರ್‌ನಲ್ಲಿ 8 ಮಿಲಿಮೀಟರ್ ಆಳದ ಗೀರಿಗೂ 1.6ಕ್ಕೂ ನಡುವೆ ಸುತ್ತಳತೆ ಸುಮಾರು ಶೇ 2ರಷ್ಟು ಬೇರೆಯಾಗುತ್ತದೆ. ನೇರ ಓಡುತ್ತಿದ್ದರೂ ಎರಡು ಚಕ್ರದ ವೇಗ ಬೇರೆ ಬೇರೆ ಬರುತ್ತದೆ.

ಆಗುಂಬೆ ಘಾಟಿಯನ್ನು ಸೋಮೇಶ್ವರದ ಕಡೆಯಿಂದ ಹತ್ತುವಾಗಿನ ಮಾತು ಬೇರೆ. ಹೇರ್‌ಪಿನ್ ತಿರುವಿನ ಒಳಬದಿ ಕಡಿದು. ಅಲ್ಲಿ ಒಳಗಿನ ಹಿಂದಿನ ಚಕ್ರದ ಮೇಲಿನ ಭಾರ ಹಗುರಾಗುತ್ತದೆ. ಎಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಮಾಮೂಲಿ ಡಿಫರೆನ್ಶಿಯಲ್ ಎರಡೂ ಚಕ್ರಕ್ಕೆ ಒಂದೇ ಬಲ ಕೊಡುವುದರಿಂದ ಹಗುರಾದ ಚಕ್ರ ಸುತ್ತಿತೆಂದರೆ ಹೊರಗಿನದ್ದೂ ಬಡವಾಗುತ್ತದೆ. ಇಎಸ್‌ಸಿ ಜೊತೆಗೇ ಬರುವ ಟ್ರ್ಯಾಕ್ಷನ್ ಕಂಟ್ರೋಲ್ ಸುತ್ತುವ ಚಕ್ರ ಹಿಡಿದು ಎಂಜಿನ್ ಇಳಿಸುತ್ತದೆ. ಟರ್ಬೊ ಡೀಸೆಲ್ ಎರಡನೇ ಗೇರಿನಲ್ಲಿ 1,300 ಆರ್‌ಪಿಎಂ ಆಸುಪಾಸಿನಲ್ಲಿದ್ದರೆ ಅಲ್ಲೇ ಉಸಿರು ಕಟ್ಟಿ ನಿಲ್ಲುತ್ತದೆ. ನಾನು ಮಾಡುವುದಿಷ್ಟು: ತಿರುವಿಗೆ ಮೊದಲೇ, ರಸ್ತೆ ನೇರ ಇರುವಾಗಲೇ ಒಂದನೇ ಗೇರ್, 1,800ರಿಂದ 2,200 ನಡುವೆ ಆರ್‌ಪಿಎಂ ಅಲುಗದ ಹಾಗೆ ಕಾಲು, ಜಾಗವಿದ್ದು ಎದುರಿನಿಂದ ಬಸ್ಸು ಬರದಿದ್ದರೆ ಒಳ ಅಂಚಿಗಿಂತ ಸ್ವಲ್ಪ ಹೊರಗಿನ ಹಾದಿ, ಯಾಕೆಂದರೆ ಒಳ ಅಂಚಿನಲ್ಲೇ ಹಾವಸೆ ಮತ್ತು ದರಕು ಸೇರಿರುತ್ತದೆ. ದೀಪ ಮಿಣುಕಿದಾಗ ಇನ್ನೂ ಒತ್ತುವುದು ಎಲ್ಲರೂ ಮಾಡುವ ತಪ್ಪು. ಒತ್ತಿದಷ್ಟೂ ಅದು ಕಡಿಯುತ್ತದೆ. ಕಾಲು ಸ್ವಲ್ಪ ಸಡಿಲಿಸಿದರೆ ಚಕ್ರ ಹಿಡಿದುಕೊಂಡು ಗಾಡಿ ಹೊರಡುತ್ತದೆ. ಡಾಂಬರಿನ ಘಾಟಿಯಲ್ಲಿ ಬಟನ್ ಆಫ್ ಮಾಡುವ ಅಗತ್ಯವೇ ಇಲ್ಲ.

ಇಳಿಯುವಾಗ ಅಪಾಯ ಗೇರಿನಲ್ಲಿದೆ. ಹುಲಿಕಲ್ ಕಡೆಯ ಕಡಿದಾದ ಇಳಿಜಾರಿನಲ್ಲಿ ಒದ್ದೆ ರಸ್ತೆಯ ಮೇಲೆ ಮೂರರಿಂದ ಎರಡಕ್ಕೆ ಇಳಿಸಿ ಕ್ಲಚ್ ಫಟ್ಟನೆ ಬಿಟ್ಟರೆ ಎಂಜಿನ್ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ, ಹ್ಯಾಂಡ್ ಬ್ರೇಕ್ ಎಳೆದ ಹಾಗೆ. ಮುಂದಿನ ಚಕ್ರದ ಗಾಡಿಯಲ್ಲಿ ಇದೇ ತಪ್ಪಿಗೆ ಮೂತಿ ಜಾರುತ್ತದೆ, ಇದರಲ್ಲಿ ಹಿಂಭಾಗ. ಸೀಟು ಖಾಲಿ ಇದ್ದರೆ ಇನ್ನೂ ಬೇಗ. ಇಎಸ್‌ಸಿ ಹಿಡಿಯುತ್ತದೆ, ಆದರೆ ಹಿಡಿಯುವಷ್ಟರಲ್ಲಿ ಅರ್ಧ ರಸ್ತೆ ಅಗಲ ಹೋಗಿರುತ್ತದೆ. ಆದ್ದರಿಂದ ಗೇರ್ ಬದಲಾವಣೆ ನೇರ ರಸ್ತೆಯಲ್ಲೇ, ಇಳಿಸುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕ್ಲಚ್ ನಿಧಾನ ಬಿಟ್ಟು. ಅಷ್ಟಾಗಿಯೂ ಜಾರಿದರೆ ಕ್ಲಚ್ ಒತ್ತಿ, ಸ್ಟೇರಿಂಗ್ ಹೋಗಬೇಕಾದ ಕಡೆಗೆ ಹಿಡಿಯಬೇಕು. ಎದುರು ತಿರುಗಿಸಿ ಹಾಗೇ ಬಿಟ್ಟರೆ, ಗಾಡಿ ಸರಿಯಾದ ಮರುಕ್ಷಣ ಇನ್ನೊಂದು ಕಡೆಗೆ ಎಸೆಯುತ್ತದೆ. ಬೇಸಿಗೆಯ ನಂತರದ ಮೊದಲ ಮಳೆ ಆರಿದ್ರಾ ಮಳೆಗಿಂತ ಕೆಟ್ಟದ್ದು. ಧೂಳು, ಎಣ್ಣೆ ಕಲಸಿ ರಸ್ತೆ ಸೋಪಿನಂತಾಗಿರುತ್ತದೆ.

ಬಟನ್ ಬೇಕಾಗುವುದು ತೋಟದ ಮನೆಯ ಕೆಸರು ಏರಿನಲ್ಲಿ. ಅಲ್ಲಿ ಚಕ್ರ ಸ್ವಲ್ಪ ಸುತ್ತಿ ಕೆಸರು ಉದುರಿಸಿಕೊಂಡರೆ ಮಾತ್ರ ಕೆಳಗಿನ ಜಂಬಿಟ್ಟಿಗೆ ಮಣ್ಣಿನ ಗಟ್ಟಿ ಸಿಗುತ್ತದೆ. ಟ್ರ್ಯಾಕ್ಷನ್ ಕಂಟ್ರೋಲ್ ಅದಕ್ಕೆ ಬಿಡುವುದಿಲ್ಲ. ಟೊಯೋಟಾದಲ್ಲಿ ಒಮ್ಮೆ ಒತ್ತಿ ಬಿಟ್ಟರೆ ಟ್ರ್ಯಾಕ್ಷನ್ ಮಾತ್ರ ಆಫ್. ಗಾಡಿ ನಿಲ್ಲಿಸಿ 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎರಡೂ. ನನಗೆ ಮೊದಲನೆಯದೇ ಸಾಕಾಗುತ್ತದೆ. ಅದರ ಜೊತೆ ಹಿಂದಿನ ಅಚ್ಚಿನ ಮೇಲೆ ಎರಡು ಅಡಿಕೆ ಮೂಟೆ, ಹಗ್ಗದಲ್ಲಿ ಬಿಗಿದು. ಬಿಗಿಯದ ಮೂಟೆ ಬ್ರೇಕ್ ಹಾಕಿದಾಗ ಮುಂದೆ ಬಂದು ಬೆನ್ನಿಗೆ ಹೊಡೆಯುತ್ತದೆ. ಮೇಲೆ ತಲುಪಿದ ಮೇಲೆ ಬಟನ್ ಮತ್ತೆ ಒತ್ತುವುದು ಮರೆಯುತ್ತದೆ. ಇಗ್ನಿಷನ್ ಆಫ್ ಮಾಡಿ ಆನ್ ಮಾಡಿದರೆ ತಾನೇ ಆನ್ ಆಗುತ್ತದೆ.

ಇನ್ನು ಕೆಟ್ಟಾಗ. ಉರಿದೇ ಇರುವ ದೀಪಕ್ಕೆ ನಮ್ಮ ಕಡೆ ಸಾಮಾನ್ಯ ಕಾರಣ ಚಕ್ರದ ಸೆನ್ಸರ್. ತುದಿಗೆ ಬ್ರೇಕ್ ಪ್ಯಾಡಿನ ಕಬ್ಬಿಣದ ಪುಡಿ, ಕೆಂಪು ಕೆಸರು ಅಂಟಿರುತ್ತದೆ. ಅಥವಾ ಕೂರುವ ಜಾಗದಲ್ಲಿ ತುಕ್ಕು ಉಬ್ಬಿ ಸೆನ್ಸರನ್ನೇ ಮೇಲಕ್ಕೆತ್ತಿರುತ್ತದೆ. ಗಾಡಿ ಜಾಕಿಯ ಮೇಲಲ್ಲ, ಸ್ಟ್ಯಾಂಡ್ ಮೇಲೆ ಇಟ್ಟು ಚಕ್ರ ತೆಗೆಯಿರಿ. ಸಾಮಾನ್ಯವಾಗಿ 10 ಎಂ.ಎಂ. ತಲೆಯ ಒಂದೇ ಬೋಲ್ಟ್. ಬೋಲ್ಟ್ ಬಿಚ್ಚಿದರೂ ಸೆನ್ಸರ್ ಬರದಿದ್ದರೆ ವೈರ್ ಹಿಡಿದು ಎಳೆಯಬೇಡಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಹದಿನೈದು ನಿಮಿಷ ಕಾದು ಅತ್ತಿತ್ತ ತಿರುಗಿಸಿ. ತುದಿಯನ್ನು ಬಟ್ಟೆಯಿಂದ ಒರೆಸಿ, ಕೂರುವ ಜಾಗವನ್ನು ಉಪ್ಪು ಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ತೆಳು ಗ್ರೀಸ್ ಸವರಿ ಕೂರಿಸಿ. ಕೊಟ್ಟಿಗೆಯ ಪಕ್ಕ ನಿಲ್ಲುವ ಗಾಡಿಯಾದರೆ ಹಿಂದಿನ ಅಚ್ಚಿನ ಉದ್ದಕ್ಕೂ ವೈರ್ ನೋಡಿ, ಇಲಿ ಬಿಟ್ಟಿರುವುದಿಲ್ಲ.

ಅಲೈನ್‌ಮೆಂಟ್ ಮಾಡಿಸಿದ ಮಾರನೇ ದಿನವೇ ದೀಪ ಬಂದರೆ ಬಹುಪಾಲು ಸ್ಟೇರಿಂಗ್ ಸೆನ್ಸರಿನ ಸೊನ್ನೆ (ಅದು ನೇರ ಎಂದು ಲೆಕ್ಕ ಹಿಡಿಯುವ ಜಾಗ) ತಪ್ಪಿದೆ. ಚಕ್ರ ನೇರ ಇದ್ದು ಸ್ಟೇರಿಂಗ್ ವಾರೆಯಾಗಿದ್ದರೆ ಮುಂದಿನ ಚಕ್ರಗಳನ್ನು ತಿರುಗಿಸುವ ಟೈ ರಾಡ್‌ನಲ್ಲಿ ಸರಿಮಾಡಬೇಕು. ಕೆಲವರು ಸ್ಟೇರಿಂಗ್ ಚಕ್ರವನ್ನೇ ಕಿತ್ತು ಒಂದು ಹಲ್ಲು ತಿರುಗಿಸಿ ಕೂರಿಸುತ್ತಾರೆ, ಕಣ್ಣಿಗೆ ನೇರ ಕಾಣುತ್ತದೆ, ಸೆನ್ಸರಿಗೆ ಅಲ್ಲ. ಸೊನ್ನೆ ಹೊಂದಿಸಲು ಗಾಡಿಯ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಹೊರಳುವಿಕೆ ಸೆನ್ಸರಿಗೆ ಗಾಡಿ ಸಮತಟ್ಟಿನಲ್ಲಿ ಅಲುಗದೆ ನಿಂತಿರಬೇಕು, ಒಳಗೆ ಯಾರೂ ಕದಲಬಾರದು. ಮಲೆನಾಡಿನಲ್ಲಿ ಸಮತಟ್ಟು ನೆಲ ಹುಡುಕುವುದೇ ಒಂದು ಕೆಲಸ, ನನಗೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಬಿಟ್ಟು ಬೇರೆ ಸಿಕ್ಕಿಲ್ಲ. ಬ್ಯಾಟರಿ ಬಿಚ್ಚಿ ಹಾಕಿದ್ದರೆ ಮಾತ್ರ, ಹಲವು ಗಾಡಿಗಳಲ್ಲಿ ಎಂಜಿನ್ ಚಾಲೂ ಇಟ್ಟು ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿದರೆ ಸರಿಹೋಗುತ್ತದೆ.

ಬ್ರೇಕ್ ಆಯಿಲ್ ತೇವ ಹೀರುತ್ತದೆ, ನಮ್ಮ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಬ್ಬಿ ಖಾಲಿಯಾಗಿ ಗಾಳಿ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುವ ಹೈಡ್ರಾಲಿಕ್ ಯೂನಿಟ್ಟಿನೊಳಗೆ ಹೋದರೆ ಪೆಡಲ್ ತುಳಿದು ತೆಗೆಯಲಾಗುವುದಿಲ್ಲ, ಸ್ಕ್ಯಾನರಿನಿಂದ ಪಂಪ್ ಓಡಿಸಿ ತೆಗೆಯಬೇಕು. ರಿಪೇರಿ ಮುಗಿದ ಮೇಲೆ ಖಾಲಿ ಮೈದಾನದಲ್ಲಿ, ಒದ್ದೆ ನೆಲದ ಮೇಲೆ, 20 ಕಿಲೋಮೀಟರ್ ವೇಗದಲ್ಲಿ ಸ್ಟೇರಿಂಗ್ ತಿರುಗಿಸಿ ಆಕ್ಸಿಲರೇಟರ್ ಒತ್ತಿ ನೋಡಿ. ಹಿಂಭಾಗ ಸ್ವಲ್ಪ ಹೊರಟು, ಗರಗರ ಸದ್ದಾಗಿ, ದೀಪ ಎರಡು ಮೂರು ಬಾರಿ ಮಿಣುಕಿ ಆರಿದರೆ ಕೆಲಸ ಸರಿಯಾಗಿದೆ.