ಕ್ರಿಸ್‌ಮಸ್ ತಟ್ಟೆಯ ಬ್ರಸೆಲ್ಸ್ ಸ್ಪ್ರೌಟ್ಸ್: ನೀರಿನಿಂದ ದೂರವಿಡಿ

ಬ್ರಿಟನ್ನಿನ ಕ್ರಿಸ್‌ಮಸ್ ಊಟದಲ್ಲಿ ಟರ್ಕಿ ಕೋಳಿಯ ಪಕ್ಕ ಬ್ರಸೆಲ್ಸ್ ಸ್ಪ್ರೌಟ್ಸ್ ಇರಲೇಬೇಕು. ಕೇಳಿ ಹಾಕಿಸಿಕೊಳ್ಳುವವರಿದ್ದಾರೆ, ಮೂಗು ಮುರಿದು ತಟ್ಟೆಯಂಚಿಗೆ ತಳ್ಳುವವರೂ ಇದ್ದಾರೆ. ಬಡಿಸುವುದನ್ನು ಮಾತ್ರ ಯಾರೂ ಬಿಡುವುದಿಲ್ಲ. ನಿಂಬೆಹಣ್ಣಿಗಿಂತ ಚಿಕ್ಕದಾದ ಈ ಕೋಸು ನಮ್ಮ ಎಲೆಕೋಸು, ನವಿಲುಕೋಸುಗಳದೇ ಜಾತಿ. ಅದರ ಕೆಟ್ಟ ಹೆಸರಿಗೆ ಮುಖ್ಯ ಕಾರಣ ಕುದಿಯುವ ನೀರು ಎಂಬುದು ನನ್ನ ವಾದ. ಹೆಚ್ಚು ಹೊತ್ತು ಬೆಂದರೆ ಗಂಧಕದ ಸಂಯುಕ್ತಗಳು ಹೊರಬಿದ್ದು ಮನೆಯೆಲ್ಲ ನಾರುತ್ತದೆ.

ಕೊಳ್ಳುವಾಗ ಎಲೆ ಬಿಗಿಯಾಗಿ ಮುಚ್ಚಿಕೊಂಡ, ಗಟ್ಟಿಯಾದ ಚಿಕ್ಕವನ್ನೇ ಆರಿಸಿ. ಹಳದಿಗೆ ತಿರುಗಿದ್ದು ಬೇಡ. ಅಲ್ಲಿ ಡಿಸೆಂಬರಿನಲ್ಲಿ ಉದ್ದನೆಯ ಕಾಂಡದ ಸಮೇತ ಮಾರುವುದೂ ಉಂಟು, ಅವು ಬೇಗ ಬಾಡುವುದಿಲ್ಲ. ಕೊರೆಯುವ ಚಳಿ ತಿಂದ ಬೆಳೆಗೆ ಸಿಹಿ ಹೆಚ್ಚು, ಏಕೆಂದರೆ ಚಳಿಗೆ ಗಿಡ ತನ್ನ ಪಿಷ್ಟವನ್ನು ಸಕ್ಕರೆಯಾಗಿಸಿಕೊಳ್ಳುತ್ತದೆ.

ಬುಡವನ್ನು ತುಸು ಕತ್ತರಿಸಿ, ಬಾಡಿದ ಹೊರ ಎಲೆ ಕಿತ್ತುಹಾಕಿ. ಬುಡಕ್ಕೆ ಚಾಕುವಿನಿಂದ ಅಡ್ಡಗೀರು ಹಾಕುವ ಹಳೆಯ ಇಂಗ್ಲಿಷ್ ಪದ್ಧತಿಯನ್ನು ಬಿಟ್ಟುಬಿಡಿ. ಒಳಗೆ ನೀರು ನುಗ್ಗಿ ಮೆತ್ತಗಾಗುತ್ತದೆ, ಅಷ್ಟೇ. ತೊಳೆದು, ಎರಡು ಹೋಳು ಮಾಡಿ, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ತೇವ ಉಳಿದರೆ ಕೆಂಪಾಗುವ ಬದಲು ಹಬೆಯಲ್ಲಿ ಬೇಯುತ್ತದೆ.

ಓವನ್ ಅನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಅರ್ಧ ಕಿಲೋಗೆ ಎರಡು ದೊಡ್ಡ ಚಮಚ ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಸವರಿ, ಕತ್ತರಿಸಿದ ಮೈ ಕೆಳಗಾಗಿ, ಒಂದರ ಮೇಲೊಂದು ಬೀಳದಂತೆ ಹರಡಿ. 20ರಿಂದ 25 ನಿಮಿಷ ಸಾಕು. ತಳ ಕಂದಾಗಿ, ಬಿಡಿ ಎಲೆಗಳು ಹಪ್ಪಳದಂತೆ ಗರಿಗರಿಯಾದಾಗ ತೆಗೆದು, ಬಿಸಿಯಿರುವಾಗಲೇ ಬೆಣ್ಣೆ, ನಿಂಬೆರಸ ಹಾಕಿ. ಆಂಗ್ಲರ ಹಬ್ಬದಡುಗೆಯಲ್ಲಿ ಬೇಯಿಸಿದ ಚೆಸ್ಟ್‌ನಟ್ ಅಥವಾ ಹುರಿದ ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ಸೇರುತ್ತದೆ.

ಓವನ್ ಇಲ್ಲವೇ? ಸಣ್ಣಗೆ ಹೆಚ್ಚಿ, ಸಾಸಿವೆ, ಉದ್ದಿನಬೇಳೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆಯಲ್ಲಿ ಮುಚ್ಚಳವಿಡದೆ ಜೋರು ಉರಿಯಲ್ಲಿ ಬಾಡಿಸಿ, ಕೊನೆಗೆ ಕಾಯಿತುರಿ ಉದುರಿಸಿ. ಎಲೆಕೋಸಿನ ಪಲ್ಯ ಬಲ್ಲವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ.

ಇಷ್ಟಾದರೂ ಕಹಿ ಎನ್ನುವವರನ್ನು ಹಟಮಾರಿಗಳೆಂದು ಬೈಯಬೇಡಿ. ಟಿಎಎಸ್2ಆರ್38 ಎಂಬ ಜೀನ್‌ನ ಒಂದು ಬಗೆ ಇರುವವರ ನಾಲಿಗೆಗೆ ಈ ಕಹಿ ಹೆಚ್ಚು ತಟ್ಟುತ್ತದೆ. ಆದರೆ ಬಾಲ್ಯದಲ್ಲಿ ತಿಂದು ಬಿಟ್ಟವರು ಮತ್ತೊಮ್ಮೆ ನೋಡಬಹುದು: 1990ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ವಿಜ್ಞಾನಿ ಹಾನ್ಸ್ ವಾನ್ ಡೋರ್ನ್ ಕಹಿಗೆ ಕಾರಣವಾದ ಸಂಯುಕ್ತಗಳನ್ನು ಗುರುತಿಸಿದ ಮೇಲೆ ಬೀಜ ಕಂಪನಿಗಳು ಕಹಿ ಕಡಿಮೆಯಿರುವ ತಳಿಗಳನ್ನು ಬೆಳೆಸಿವೆ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ನುಂಗುವವರು ಮಾತ್ರ ವೈದ್ಯರನ್ನು ಕೇಳದೆ ಒಮ್ಮೆಲೇ ಹೆಚ್ಚು ತಿನ್ನಬಾರದು. ಆ ಔಷಧಿಯ ಪರಿಣಾಮ ತಗ್ಗಿಸುವ ವಿಟಮಿನ್ ಕೆ ಇದರಲ್ಲಿ ಧಾರಾಳವಾಗಿದೆ. ಮಿಕ್ಕಿದ್ದನ್ನು ಮರುದಿನ ಹಿಸುಕಿದ ಆಲೂಗಡ್ಡೆಯೊಂದಿಗೆ ಕಲಸಿ ಕಾವಲಿಯ ಮೇಲೆ ತಟ್ಟಿ ಕೆಂಪಗೆ ಬೇಯಿಸಿ.